ಹೆಸರು ಸ್ವತ್ತೋ, ಋಣವೋ?

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಹಜವಾದುದೆಂದು ಮೀಮಾಂಸಕರೂ, ಸಂಕೇತದಿಂದ ಉಂಟಾದುದೆಂದು ನೈಯಾಯಿಕರೂ ವಾದಿಸಿರುವುದು ಪ್ರಸಿದ್ಧವಾಗಿದೆ. ಆ ವಾದವು ಗೋವು, ಘಟ ಮೊದಲಾದ ಸಾಮಾನ್ಯ ಶಬ್ದಗಳನ್ನು ಕುರಿತದ್ದು. ಒಬ್ಬ ವ್ಯಕ್ತಿಗೆ ಇಟ್ಟ ಹೆಸರಿನ ವಿಷಯದಲ್ಲಿ ಅಷ್ಟು ಕ್ಲೇಶವಿಲ್ಲವೆಂದು ಹಿಂದಿನವರು ಎಣಿಸಿದಂತೆ ತೋರುತ್ತದೆ. ವೈಯಾಕರಣರು ಅದನ್ನು ಯದೃಚ್ಛಾಶಬ್ದವೆಂದು ಕರೆದು, ಡಿತ್ಥ, ಡವಿತ್ಥ ಎಂಬ ಅರ್ಥಶೂನ್ಯವಾದ ಉದಾಹರಣೆಗಳನ್ನು ಕೊಟ್ಟು ಮುಂದೆ ಹೋದರು. ತಂದೆಯು ತನ್ನ ಇಷ್ಟದಂತೆ ಮಗನಿಗೆ ಡಿತ್ಥನೆಂದು ಹೆಸರಿಟ್ಟರೆ ಅವನು ಡಿತ್ಥನೇ. ಅದರಲ್ಲಿ ಕೇಳತಕ್ಕದ್ದೇನೂ ಇಲ್ಲ. ಆದರೆ ಆ ಡಿತ್ಥನು ಒಂದು ಅಂಗಡಿಯನ್ನಿಟ್ಟು, ಅವನ ಸರಕು ನಂಬಿಕೆಯದೆಂದು ನಾಲ್ಕೂರುಗಳಲ್ಲಿ ಪ್ರಸಿದ್ಧಿಯಾಗಿ, ಅವನು ತೀರಿಕೊಂಡ ಮೇಲೆ ಎರಡು ಊರುಗಳಲ್ಲಿ ಇಬ್ಬರು ಅದೇ ಹೆಸರಿನ ಹಲಗೆಯನ್ನು ತೂಗುಹಾಕಿ, ‘ನಾನೇ ಡಿತ್ಥನ ಅಂಗಡಿ, ಅವನು ಕಳ್ಳ’ ಎಂದು ಪರಸ್ಪರ ಕೂಗತೊಡಗಿದರೆ, ಆಗ ಆ ಅರ್ಥಶೂನ್ಯವಾದ ಶಬ್ದವು ಎಷ್ಟು ಅರ್ಥವನ್ನು ಹೊತ್ತಿತ್ತೆಂಬುದು ತಿಳಿಯುತ್ತದೆ. ಇಂಥದೊಂದು ವ್ಯಾಜ್ಯವು ಜರ್ಮನಿಯಲ್ಲಿ ನಿಜವಾಗಿಯೂ ನಡೆಯಿತು. ಅದರ ಗುರುತು ಹಳೆಯ ಛಾಯಾಚಿತ್ರದ ಲೆನ್ಸುಗಳ ಮೇಲೆ ಇಂದಿಗೂ ಉಳಿದಿದೆ.

ಪೆಂಟಕಾನ್ ಸಿಕ್ಸ್ ಎಂಬ ಕ್ಯಾಮೆರಾ ಪೂರ್ವ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ 1966ರಿಂದ ತಯಾರಾಗುತ್ತಿತ್ತು. ಅದರ ಫಿಲ್ಮು ಕಾಗದದ ಬೆನ್ನುಳ್ಳ ಸುರುಳಿ; ಒಂದು ಸುರುಳಿಯಲ್ಲಿ ಸುಮಾರು 6 ಸೆಂಟಿಮೀಟರ್ ಚೌಕದ 12 ಚಿತ್ರಗಳು. ಈ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಹಾಕುತ್ತಿದ್ದುದು ಬಯೋಮೆಟಾರ್ ಎಂಬ ಲೆನ್ಸು. ಅದರೊಳಗೆ ಐದು ಗಾಜುಗಳಿವೆ. ಎರಡನ್ನು ಒಂದಕ್ಕೊಂದು ಅಂಟಿಸಿರುವುದರಿಂದ ನಾಲ್ಕು ಗುಂಪುಗಳು. ನಾಭಿದೂರವು 80 ಮಿಲಿಮೀಟರ್; ಬೆಳಕಿನ ದ್ವಾರವನ್ನು ಪೂರ್ತಿಯಾಗಿ ತೆರೆದರೆ ಅದರ ಅಗಲವು ನಾಭಿದೂರದ 2.8ರಲ್ಲಿ ಒಂದು ಪಾಲು. ನಾಭಿದೂರವನ್ನು ಹಿಗ್ಗಿಸಿ ಕುಗ್ಗಿಸುವ ಉಪಾಯ ಇದರಲ್ಲಿಲ್ಲ. ಮುಖವು ಚಿತ್ರದಲ್ಲಿ ದೊಡ್ಡದಾಗಿ ಕಾಣಬೇಕಾದರೆ ಮನುಷ್ಯನೇ ಹತ್ತಿರ ಹೋಗಬೇಕು, ಮನೆಯೆಲ್ಲ ಕಾಣಬೇಕಾದರೆ ಅವನೇ ಹಿಂದೆ ಸರಿಯಬೇಕು. ದ್ವಾರವನ್ನು ಪೂರ್ತಿ ತೆರೆದಾಗ ನಡುವೆ ಸ್ಪಷ್ಟವಾಗಿಯೂ ಅಂಚಿನಲ್ಲಿ ಸ್ವಲ್ಪ ಮೃದುವಾಗಿಯೂ, ಕಿರಿದು ಮಾಡಿದಾಗ ಅಂಚಿನವರೆಗೂ ನಿಶಿತವಾಗಿಯೂ ಚಿತ್ರವು ಮೂಡುತ್ತದೆ. ಬಲ್ಲವರು ಅದನ್ನು ಇಂದಿಗೂ ಹುಡುಕಿ ಕೊಂಡುಕೊಳ್ಳುವರು.

ಇಂಥ ಎರಡು ಲೆನ್ಸುಗಳನ್ನು ಅಕ್ಕಪಕ್ಕದಲ್ಲಿಟ್ಟು ಮುಂಬದಿಯ ಉಂಗುರವನ್ನು ಓದಿದರೆ ವಿಚಿತ್ರವೊಂದು ಕಾಣುವುದುಂಟು. ಒಂದರ ಮೇಲೆ ‘ಕಾರ್ಲ್ ಝೈಸ್ ಯೇನಾ, ಬಯೋಮೆಟಾರ್’ ಎಂದು ಪೂರ್ತಿಯಾಗಿ ಕೆತ್ತಿದೆ. ಇನ್ನೊಂದರ ಮೇಲೆ ಝೈಸ್ ಇಲ್ಲ, ಬಯೋಮೆಟಾರ್ ಇಲ್ಲ. ‘ಔಸ್ ಯೇನಾ’, ಅಂದರೆ ‘ಯೇನಾದಿಂದ ಬಂದದ್ದು’ ಎಂದಿಷ್ಟೂ, ಬಯೋಮೆಟಾರ್‌ಗೆ ಬದಲಾಗಿ ‘ಬಿ ಎಂ’ ಎಂಬ ಎರಡಕ್ಷರವೂ ಇವೆ. ಗಾಜು ಅದೇ, ಹಿತ್ತಾಳೆ ಅಲ್ಯೂಮಿನಿಯಂಗಳು ಅವೇ, ಮಾಡಿದ ಕೈಗಳೂ ಅವೇ. ಒಂದು ಪೂರ್ವದೇಶಗಳಲ್ಲಿ ಮಾರುವುದಕ್ಕೆ ಹೊರಟದ್ದು, ಇನ್ನೊಂದು ಪಶ್ಚಿಮಕ್ಕೆ. ಗಡಿಯನ್ನು ದಾಟುವಾಗ ಹೆಸರನ್ನು ಕಳಚಿಟ್ಟು ದಾಟಬೇಕಾಯಿತು.

ಆ ಹೆಸರಿಗೆ ಅಷ್ಟೊಂದು ಬೆಲೆ ಬಂದದ್ದು ಹೇಗೆಂಬುದನ್ನು ಮೊದಲು ತಿಳಿಯಬೇಕು. ಕಾರ್ಲ್ ಝೈಸನು 1846ರಲ್ಲಿ ಯೇನಾ ಪಟ್ಟಣದಲ್ಲಿ ಒಂದು ಸಣ್ಣ ಕಾರ್ಖಾನೆಯನ್ನು ತೆರೆದು ಸೂಕ್ಷ್ಮದರ್ಶಕಗಳನ್ನು ಮಾಡತೊಡಗಿದನು. ಆ ಕಾಲದಲ್ಲಿ ಗಾಜನ್ನು ಉಜ್ಜಿ ನೋಡಿ, ಮತ್ತೆ ಉಜ್ಜಿ ನೋಡಿ, ಅಭ್ಯಾಸಬಲದಿಂದಲೇ ಯಂತ್ರವನ್ನು ಸರಿಮಾಡುತ್ತಿದ್ದರು. ಇದು ಸಾಲದೆಂದು ಝೈಸನು ಅಲ್ಲಿಯ ವಿಶ್ವವಿದ್ಯಾಲಯದ ಎರ್ನ್ಸ್ಟ್ ಅಬ್ಬೆ ಎಂಬ ತರುಣ ವಿದ್ವಾಂಸನನ್ನು 1866ರಲ್ಲಿ ನೆರವಿಗೆ ಕರೆದನು. ಬೆಳಕಿನ ಕಿರಣವು ಗಾಜಿನಲ್ಲಿ ಹೇಗೆ ಬಾಗುವುದೆಂಬುದನ್ನು ಗಣಿತದಿಂದ ಮೊದಲೇ ನಿಶ್ಚಯಿಸಿ, ಅನಂತರ ಗಾಜನ್ನು ಮುಟ್ಟುವ ಪದ್ಧತಿಯನ್ನು ಅಬ್ಬೆಯು ತಂದನು. 1884ರಲ್ಲಿ ಓಟ್ಟೊ ಶಾಟ್‌ನೊಡನೆ ಸೇರಿ ಗಾಜಿನ ಕಾರ್ಖಾನೆಯೊಂದು ಅದೇ ಊರಿನಲ್ಲಿ ಸ್ಥಾಪಿತವಾಯಿತು. ಇಷ್ಟು ವಿದ್ಯೆಯ ಮಾತು. ಇಷ್ಟರಿಂದಲೇ ಹೆಸರು ಬರಬಹುದು. ಆದರೆ ಆ ಹೆಸರಿಗೆ ಬಂದ ಗೌರವವು ಇಷ್ಟರಿಂದ ಬಂದುದಲ್ಲ.

ಅಬ್ಬೆಯು ಹುಟ್ಟಿದ್ದು ಐಸೆನಾಕ್ ಎಂಬ ಊರಿನ ಬಡಮನೆಯಲ್ಲಿ, 1840ರಲ್ಲಿ. ಅವನ ತಂದೆ ನೂಲುವ ಗಿರಣಿಯಲ್ಲಿ ಕೆಲಸಕ್ಕಿದ್ದನು. ದಿನಕ್ಕೆ 14, 15, 16 ಗಂಟೆಗಳು ನಿಂತೇ ದುಡಿಯಬೇಕು, ನಡುವೆ ವಿರಾಮವೆಂಬುದಿಲ್ಲ. ಮಧ್ಯಾಹ್ನದ ಊಟವನ್ನು ಮಕ್ಕಳು ಗಿರಣಿಗೆ ಒಯ್ದು ಕೊಟ್ಟರೆ, ತಂದೆಯು ಯಂತ್ರಕ್ಕೆ ಒರಗಿಯೋ ಪೆಟ್ಟಿಗೆಯ ಮೇಲೆ ಕುಳಿತೋ ಅವಸರವಾಗಿ ನುಂಗಿ, ಪಾತ್ರೆಯನ್ನು ಹಿಂದಕ್ಕೆ ಕೊಟ್ಟು ಕೆಲಸಕ್ಕೆ ತಿರುಗುತ್ತಿದ್ದನು. ಗಟ್ಟಿಮುಟ್ಟಾದ ಆ ಮನುಷ್ಯನು ನಡುವಯಸ್ಸಿಗೇ ಮುದುಕನಾದುದನ್ನು ಮಗನು ಕಣ್ಣಾರೆ ಕಂಡಿದ್ದನು. ತಾನು ಐಶ್ವರ್ಯವಂತನಾದ ಮೇಲೆ ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿದನು. ಸಂಪತ್ತು ಬಂದವರು ಬಾಲ್ಯದ ಬಡತನವನ್ನು ಹೇಳಿಕೊಳ್ಳುವುದು ಅಪೂರ್ವವೇನಲ್ಲ. ಬಹುಮಂದಿ ಅದನ್ನು ತಮ್ಮ ಸಾಮರ್ಥ್ಯದ ಅಳತೆಗೋಲಾಗಿ ಹೇಳುವರು. ಅಬ್ಬೆಯ ದಾರಿ ಬೇರೆ. ಝೈಸನು 1888ರಲ್ಲಿ ತೀರಿಕೊಂಡನು. ಮರುವರ್ಷವೇ ಅಬ್ಬೆಯು ಒಂದು ಪ್ರತಿಷ್ಠಾನವನ್ನು ಏರ್ಪಡಿಸಿ, 1891ರಲ್ಲಿ ಝೈಸ್ ಕಾರ್ಖಾನೆಯಲ್ಲಿ ತನಗಿದ್ದ ಪಾಲೆಲ್ಲವನ್ನೂ ಅದಕ್ಕೆ ಬರೆದುಕೊಟ್ಟನು. ಅದಕ್ಕೆ ತನ್ನ ಹೆಸರನ್ನಿಡಲಿಲ್ಲ. ‘ಕಾರ್ಲ್ ಝೈಸ್ ಪ್ರತಿಷ್ಠಾನ’ವೆಂದು ಗತಿಸಿದ ಹಿರಿಯನ ಹೆಸರನ್ನಿಟ್ಟನು.

1896ರಲ್ಲಿ ಆ ಪ್ರತಿಷ್ಠಾನದ ಕಟ್ಟಳೆಗಳು ಸಿದ್ಧವಾದವು. ಕೆಲಸಗಾರನಿಗೆ ಸಂಬಳಸಹಿತವಾದ ರಜವುಂಟು, ಮುಪ್ಪಿನಲ್ಲಿ ವೇತನವುಂಟು, ಕಾರಣವಿಲ್ಲದೆ ತೆಗೆದುಹಾಕಿದರೆ ಪರಿಹಾರವುಂಟು. ಮೇಲಧಿಕಾರಿಯ ಸಂಬಳವು ಕೆಲಸಗಾರರ ಸರಾಸರಿ ಗಳಿಕೆಯ ಹತ್ತರಷ್ಟನ್ನು ಮೀರಕೂಡದು. ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವಾಗ ಅವನ ಕುಲ, ಮತ, ರಾಜಕೀಯ ಪಕ್ಷಗಳನ್ನು ನೋಡಕೂಡದು. 1900ರಲ್ಲಿ ದಿನಕ್ಕೆ ಎಂಟು ಗಂಟೆಯ ಕೆಲಸವೆಂಬ ನಿಯಮವೂ ಬಂದಿತು. ಉಳಿತಾಯದಲ್ಲಿ ಒಂದು ಭಾಗವು ವಿಶ್ವವಿದ್ಯಾಲಯಕ್ಕೂ ಊರಿನ ವಾಚನಮಂದಿರವೇ ಮೊದಲಾದ ಸಾರ್ವಜನಿಕ ಕಾರ್ಯಗಳಿಗೂ ಸಂದಿತು. ಅಂದಿನಿಂದ ಝೈಸ್ ಎಂಬುದು ಒಬ್ಬ ಮನುಷ್ಯನ ಹೆಸರಾಗಿ ಉಳಿಯದೆ, ಕೆಲವರು ಕೆಲವರಿಗೆ ಕೊಟ್ಟ ಮಾತಿನ ಹೆಸರಾಯಿತು. ಪ್ರಕೃತ ವಿಷಯದಲ್ಲಿ ಮುಖ್ಯವಾದ ಸಂಗತಿಯು ಇದೇ.

ಈ ಕಾರ್ಖಾನೆಯಲ್ಲಿದ್ದ ಪಾಲ್ ರುಡಾಲ್ಫನು 1896ರಲ್ಲೇ ಪ್ಲಾನಾರ್ ಎಂಬ ಮಸೂರವನ್ನು ಗಣಿಸಿದನು. ಆರು ಗಾಜುಗಳು ದ್ವಾರದ ಎರಡು ಕಡೆಗಳಲ್ಲಿ ಪ್ರತಿಬಿಂಬದಂತೆ ನಿಂತ ಆ ರಚನೆಯು ಶಾಸ್ತ್ರದೃಷ್ಟಿಯಿಂದ ಅತ್ಯುತ್ತಮವಾದರೂ ವ್ಯವಹಾರದಲ್ಲಿ ಹಿಂದೆ ಬಿದ್ದಿತು. ಬರಿಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಹಿಂದಕ್ಕೆ ಎಸೆಯುವುದು. ಮೈಗಳು ಹೆಚ್ಚಿದಷ್ಟೂ ಹೀಗೆ ಎಸೆದ ಬೆಳಕು ಒಳಗೇ ಅಲೆದು, ಚಿತ್ರದ ಮೇಲೆ ಮಂಜಿನಂತೆ ಕವಿಯುವುದು. ಅದರಿಂದ 1902ರಲ್ಲಿ ಬಂದ, ನಾಲ್ಕೇ ಗಾಜಿನ ಟೆಸ್ಸಾರ್ ಲೋಕಪ್ರಿಯವಾಯಿತು. ಪ್ಲಾನಾರ್ ಬಹುಕಾಲ ಮೂಲೆಗುಂಪಾಯಿತು. 1935ರಲ್ಲಿ ಯೇನಾದ ಅಲೆಕ್ಸಾಂಡರ್ ಸ್ಮಾಕುಲನು ನಿರ್ವಾತದಲ್ಲಿ ಗಾಜಿನ ಮೇಲೆ ಅತ್ಯಂತ ತೆಳುವಾದ ಲೇಪವನ್ನು ಕೂರಿಸಿ ಆ ಪ್ರತಿಫಲನವನ್ನು ಅಡಗಿಸುವ ಉಪಾಯವನ್ನು ಕಂಡುಹಿಡಿದನು. ಯುದ್ಧದ ನಂತರ ಪ್ಲಾನಾರ್ ಪುನಃ ತಲೆಯೆತ್ತಿದ್ದು ಈ ಲೇಪದ ಬಲದಿಂದ. ಲೇಪದ ಮೊದಲ ಉಪಯೋಗವಾದರೋ ಸೇನೆಗೆ. ಬಂದೂಕದ ದುರ್ಬೀನಿಗೂ ನೌಕೆಯ ದೃಗ್ಯಂತ್ರಕ್ಕೂ ಆದ ಮೇಲೆ ಉಳಿದವರ ಮುಖಕ್ಕೆ.

ಯುದ್ಧಕಾಲದಲ್ಲಿ ಆ ಕಾರ್ಖಾನೆಯು ಸೇನೆಗಾಗಿ ದುಡಿಯಿತು ಎಂಬುದಕ್ಕಿಂತ ಘೋರವಾದುದು, ಯಾರಿಂದ ದುಡಿಸಿತು ಎಂಬುದು. ಆಕ್ರಮಿಸಿದ ದೇಶಗಳಿಂದ ಹಿಡಿದು ತಂದ ಸಾವಿರಾರು ಗಂಡಸರೂ ಹೆಂಗಸರೂ ಯೇನಾದಲ್ಲಿ ಬಲಾತ್ಕಾರದ ಕೆಲಸಕ್ಕೆ ಗುರಿಯಾದರು. ಕುಲವನ್ನು ನೋಡಕೂಡದೆಂದು ಬರೆದಿಟ್ಟ ಮನೆಯಲ್ಲಿ, ಮನುಷ್ಯನ ಕುಲವೇ ಅವನ ಅನ್ನ ನಿದ್ರೆಗಳ ಅಳತೆಯಾಯಿತು. ಎಂಟು ಗಂಟೆಯ ಕೆಲಸದ ಮಾತು ಅವರಿಗೆ ಅನ್ವಯಿಸಲಿಲ್ಲವೆಂದು ಹೇಳಬೇಕಾದದ್ದೇ ಇಲ್ಲ.

1945ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಸೇನೆ ಯೇನಾವನ್ನು ಹಿಡಿಯಿತು. ಆ ಪ್ರಾಂತವನ್ನು ಒಪ್ಪಂದದಂತೆ ಸೋವಿಯತ್ ಸೇನೆಗೆ ಬಿಟ್ಟುಕೊಡಬೇಕಾಗಿದ್ದುದರಿಂದ, ಹೊರಡುವ ಮುನ್ನ ಝೈಸ್ ಮತ್ತು ಶಾಟ್ ಕಾರ್ಖಾನೆಗಳ ನೂರಕ್ಕೆ ಮೇಲ್ಪಟ್ಟ ತಜ್ಞರನ್ನು ಕುಟುಂಬಸಹಿತವಾಗಿ ಪಶ್ಚಿಮಕ್ಕೆ ಸಾಗಿಸಿಕೊಂಡು ಹೋಯಿತು. ಹೀಗೆ ಹೋದವರು ಹೈಡೆನ್‌ಹೈಮ್ ಎಂಬಲ್ಲಿ ತಂಗಿ, 1946ರಲ್ಲಿ ಹತ್ತಿರದ ಓಬರ್‌ಕೋಹೆನ್‌ನಲ್ಲಿ ಹೊಸ ಕಾರ್ಖಾನೆಯನ್ನು ಆರಂಭಿಸಿದರು. ಇತ್ತ ಸೋವಿಯತ್ ಅಧಿಕಾರಿಗಳು ಯೇನಾದ ಯಂತ್ರಗಳಲ್ಲಿ ಬಹುಭಾಗವನ್ನು ಬಿಚ್ಚಿ ತಮ್ಮ ದೇಶಕ್ಕೆ ಸಾಗಿಸಿದರು. 1946ರ ಅಕ್ಟೋಬರ್ ತಿಂಗಳ ಒಂದೇ ರಾತ್ರಿಯಲ್ಲಿ ಇನ್ನೂರಕ್ಕೂ ಹೆಚ್ಚು ತಜ್ಞರನ್ನು ಮನೆಮಂದಿಯೊಡನೆ ರೈಲು ಹತ್ತಿಸಿದರು. ಯೇನಾದಲ್ಲಿ ಉಳಿದದ್ದು ಮುರಿದ ಗೋಡೆಗಳು, ಅಳಿದುಳಿದ ಯಂತ್ರಗಳು ಮತ್ತು ಯಾರಿಗೂ ಬೇಕಾಗದಿದ್ದ ಸಾಧಾರಣ ಕೆಲಸಗಾರರು. ಅವರೇ ಕಾರ್ಖಾನೆಯನ್ನು ಪುನಃ ನಿಲ್ಲಿಸಿದರು. 1948ರಲ್ಲಿ ಅದು ಸರ್ಕಾರದ ಸ್ವಾಧೀನಕ್ಕೆ ಬಂದಿತು.

ಒಂದು ಗರ್ಭದಿಂದ ಎರಡು ಲೆನ್ಸುಗಳು ಹುಟ್ಟಿದ್ದು ಹೀಗೆ. ಪಶ್ಚಿಮದ ಬ್ರೌನ್‌ಶ್ವೈಗ್ ನಗರದಲ್ಲಿ ರೋಲೈಫ್ಲೆಕ್ಸ್ ಎಂಬ ಪ್ರಸಿದ್ಧವಾದ ಜೋಡಿಕಣ್ಣಿನ ಕ್ಯಾಮೆರಾ ತಯಾರಾಗುತ್ತಿತ್ತು. ಅದರ 2.8 ಬಿ ಎಂಬ 1952ರ ಮಾದರಿಗೆ ಹಾಕಿದ್ದು ಪೂರ್ವದ ಯೇನಾದ ಬಯೋಮೆಟಾರ್. ಮುಂದಿನ ಮಾದರಿಗಳಲ್ಲಿ ಆ ಜಾಗಕ್ಕೆ ಓಬರ್‌ಕೋಹೆನ್‌ನ ಪ್ಲಾನಾರ್ ಬಂದಿತು. ಅದೂ 80 ಮಿಲಿಮೀಟರ್, ಅದೂ 2.8, ಅದರಲ್ಲಿಯೂ ಐದೇ ಗಾಜು. ಎರಡರಿಂದಲೂ ತೆಗೆದ ಚಿತ್ರಗಳನ್ನು ಬೆರೆಸಿಟ್ಟರೆ ಬೇರ್ಪಡಿಸುವುದು ಪರೀಕ್ಷಕರಿಗೂ ಸುಲಭವಲ್ಲ. ಇನ್ನೂ ಒಂದು ಸ್ವಾರಸ್ಯವುಂಟು. ಓಬರ್‌ಕೋಹೆನ್‌ನವರು ಆರಂಭದ ವರ್ಷಗಳಲ್ಲಿ ತಮ್ಮ ಲೆನ್ಸುಗಳ ಮೇಲೆ ‘ಝೈಸ್-ಆಪ್ಟನ್’ ಎಂದು ಕೆತ್ತುತ್ತಿದ್ದರು. ಬರಿಯ ಝೈಸ್ ಎನ್ನುವುದಕ್ಕೆ ಅವರಿಗೂ ಮೊದಮೊದಲು ನಾಲಗೆ ತಡವರಿಸಿತ್ತು.

ಬಳಿಕ ವ್ಯಾಜ್ಯಗಳು ಹಲವು ದೇಶಗಳಲ್ಲಿ ಹಬ್ಬಿದವು. ಯೇನಾದವರ ವಾದವು ಕ್ಷೇತ್ರದ ವಾದ: ಝೈಸನು ಕಾರ್ಖಾನೆ ತೆರೆದದ್ದು ಇಲ್ಲಿ, ಅಬ್ಬೆ ಬಾಳಿದ್ದು ಇಲ್ಲಿ, ಕಟ್ಟಳೆಯಲ್ಲಿ ಪ್ರತಿಷ್ಠಾನದ ಸ್ಥಾನವೆಂದು ಬರೆದಿರುವುದು ಯೇನಾ. ಪಶ್ಚಿಮದವರ ವಾದವು ಸಂತಾನದ ವಾದ: ವಿದ್ಯೆಯನ್ನೂ ಆಡಳಿತವನ್ನೂ ಹೊತ್ತವರು ಇಲ್ಲಿದ್ದಾರೆ, ಅಲ್ಲಿ ಪ್ರತಿಷ್ಠಾನದ ಸ್ವತ್ತನ್ನು ಸರ್ಕಾರ ಕಿತ್ತುಕೊಂಡ ಮೇಲೆ ಉಳಿದದ್ದು ಬರಿಯ ಕಟ್ಟಡ. ಇಂಗ್ಲೆಂಡಿನಲ್ಲಿ ಪ್ರಶ್ನೆಯು ಇನ್ನೂ ಸೂಕ್ಷ್ಮವಾಯಿತು. ಪೂರ್ವ ಜರ್ಮನಿಯೆಂಬ ರಾಷ್ಟ್ರವನ್ನೇ ಬ್ರಿಟಿಷ್ ಸರ್ಕಾರವು ಆಗ ಮನ್ನಿಸಿರಲಿಲ್ಲ. ಇಲ್ಲದ ರಾಷ್ಟ್ರವು ಮಾಡಿದ ಕಾನೂನು ಇದೆಯೋ ಇಲ್ಲವೋ? ಆ ಸರ್ಕಾರವನ್ನು ಸೋವಿಯತ್ ಒಕ್ಕೂಟದ ಅಧೀನವಾದ ಅಂಗವೆಂದು ಭಾವಿಸಿದರೆ ಅದರ ಕಾರ್ಯಗಳನ್ನು ಗಣನೆಗೆ ತೆಗೆದುಕೊಳ್ಳಬಹುದೆಂದು 1966ರಲ್ಲಿ ಪ್ರಭುಸಭೆ ತೀರ್ಮಾನಿಸಿತು. ನವ್ಯನ್ಯಾಯದವರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು 1968ರಲ್ಲಿ ಪಶ್ಚಿಮದವರ ಪಕ್ಷವನ್ನು ಎತ್ತಿಹಿಡಿಯಿತು. ಕಡೆಗೆ 1971ರಲ್ಲಿ ಲಂಡನ್ನಿನಲ್ಲಿ ಒಪ್ಪಂದವಾಗಿ, ಪ್ರಪಂಚವನ್ನು ಹೊಲದಂತೆ ಪಾಲುಮಾಡಿ, ಯಾರು ಎಲ್ಲಿ ಯಾವ ಹೆಸರಿನಿಂದ ಮಾರಬೇಕೆಂಬುದನ್ನು ಗೊತ್ತುಮಾಡಿಕೊಂಡರು.

ನ್ಯಾಯಾಲಯಗಳು ಮಾಡಿದ್ದು ತಪ್ಪೆಂದು ಹೇಳುವಂತಿಲ್ಲ. ವ್ಯಾಪಾರಚಿಹ್ನೆಯ ಕಾನೂನಿಗೆ ಇರುವ ಪ್ರಯೋಜನವೇ ಕೊಳ್ಳುವವನು ಮೋಸಹೋಗಬಾರದೆಂಬುದು. ಒಂದೇ ಹೆಸರು ಎರಡು ಕಡೆಯಿಂದ ಬಂದರೆ ಅವನಿಗೆ ಭ್ರಾಂತಿಯುಂಟಾಗುವುದು ನಿಜ. ಆದರೆ ಇಲ್ಲಿ ಒಂದು ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣುವುದಿಲ್ಲ. ಎತ್ತಬೇಕಾದ ಸ್ಥಳವೂ ನ್ಯಾಯಾಲಯವಾಗಿರಲಿಲ್ಲವೇನೋ. ಎರಡು ಪಕ್ಷದವರೂ ಹೆಸರನ್ನು ಸ್ವತ್ತೆಂದೇ ಎಣಿಸಿದರು.

ನಾಗಸೇನನು ಮಿಲಿಂದರಾಜನನ್ನು ರಥವೆಲ್ಲಿದೆಯೆಂದು ಕೇಳಿದ ಪ್ರಸಂಗವು ವಾಚಕರಿಗೆ ತಿಳಿದದ್ದೇ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಅದೇ ರೀತಿಯಲ್ಲಿ ಝೈಸ್ ಎಲ್ಲಿದೆ? ಯಂತ್ರಗಳಲ್ಲಿದ್ದರೆ ಅದು ರಷ್ಯಾಕ್ಕೆ ಹೋಯಿತು. ಗಣಿತಜ್ಞರಲ್ಲಿದ್ದರೆ ಅರ್ಧ ಪಶ್ಚಿಮಕ್ಕೆ, ಅರ್ಧ ಪೂರ್ವಕ್ಕೆ ಹೋಯಿತು. ನೆಲದಲ್ಲಿದ್ದರೆ ಅಲ್ಲೇ ಉಳಿಯಿತು. ಕಾಗದಪತ್ರದಲ್ಲಿದ್ದರೆ ಯಾವ ನ್ಯಾಯಾಲಯವೆಂಬುದರ ಮೇಲೆ ನಿಂತಿತು. ನಾಗಸೇನನಾದರೆ, ಝೈಸ್ ಎಂಬುದು ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರು ಮಾತ್ರವೆಂದು ಹೇಳಿ ಸುಮ್ಮನಾಗುತ್ತಿದ್ದನು. ಆದರೆ ರಥವು ಯಾರಿಗೂ ಮಾತು ಕೊಟ್ಟಿರಲಿಲ್ಲ. ಝೈಸ್ ಎಂಬ ಹೆಸರಿನಿಂದ ಮಾತು ಕೊಟ್ಟದ್ದುಂಟು, ಆ ಹೆಸರಿನಿಂದಲೇ ಮಾತು ತಪ್ಪಿದ್ದೂ ಉಂಟು. ಅವಯವಗಳು ಚದುರಿದರೂ ಮಾತು ಚದುರುವುದಿಲ್ಲ. ಆದುದರಿಂದ ಈ ದೃಷ್ಟಾಂತವು ಇಲ್ಲಿಗೆ ಪೂರ್ತಿಯಾಗಿ ಹೊಂದಲಾರದು.

ಹೊಂದತಕ್ಕದ್ದು ಧರ್ಮಶಾಸ್ತ್ರದ ಒಂದು ವಿಧಿ. ಯಾಜ್ಞವಲ್ಕ್ಯಸ್ಮೃತಿಗೆ ಚಾಲುಕ್ಯರ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ದಾಯವಿಭಾಗವನ್ನು ಎಷ್ಟು ವಿಸ್ತಾರವಾಗಿ ವಿವರಿಸಿದನೋ, ಋಣಾದಾನವನ್ನೂ ಅಷ್ಟೇ ಎಚ್ಚರದಿಂದ ವಿವರಿಸಿರುವನು. ರಿಕ್ಥವನ್ನು, ಎಂದರೆ ಸತ್ತವನ ಸ್ವತ್ತನ್ನು, ಯಾವನು ತೆಗೆದುಕೊಳ್ಳುವನೋ ಅವನೇ ಸತ್ತವನ ಸಾಲವನ್ನೂ ತೀರಿಸಬೇಕು. ಹೊಲವು ನನಗೆ, ಸಾಲವು ದಿಕ್ಕಿಗೆ ಎನ್ನಲಾಗದು. ಇಬ್ಬರು ಪಾಲುಗಾರರಿದ್ದರೆ ಸಾಲವೂ ಎರಡು ಪಾಲು. ಈ ವಿಧಿಯನ್ನು ಹೆಸರಿಗೆ ಅನ್ವಯಿಸಿದರೆ ಏನಾಗುವುದು? ‘1846ರಿಂದ ಇರುವ ಝೈಸ್ ನಾನೇ’ ಎಂದು ಹೇಳುವವನು, ಪ್ಲಾನಾರಿನ ಕೀರ್ತಿಗೆ ಹೇಗೋ ಹಾಗೆ ಯುದ್ಧಕಾಲದ ಬಲಾತ್ಕಾರದ ದುಡಿಮೆಗೂ ಉತ್ತರವಾದಿಯಾಗಬೇಕು. ಅಬ್ಬೆಯು ಕೆಲಸಗಾರನಿಗೆ ಕೊಟ್ಟ ಮಾತಿಗೂ ಕಟ್ಟುಬೀಳಬೇಕು. ವ್ಯಾಜ್ಯದಲ್ಲಿ ಝಗಳವಾಡಿದ್ದು ಮೊದಲನೆಯದಕ್ಕೆ ಮಾತ್ರ. ಬಲಾತ್ಕಾರದ ದುಡಿಮೆಗೆ ಗುರಿಯಾದವರಿಗೆ ಪರಿಹಾರ ಕೊಡುವುದಕ್ಕಾಗಿ ಜರ್ಮನಿಯ ಸರ್ಕಾರವೂ ಉದ್ಯಮಿಗಳೂ ಸೇರಿ 1,000 ಕೋಟಿ ಮಾರ್ಕುಗಳ ನಿಧಿಯೊಂದನ್ನು ಏರ್ಪಡಿಸಿದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಆ ಸಾಲಗಾರರಲ್ಲಿ ಬಹುಮಂದಿ ಕಾಲವಾಗಿದ್ದರು.

ಇದಕ್ಕೆ ಒಂದು ಆಕ್ಷೇಪವುಂಟು. ಹೆಸರು ಋಣವಾದರೆ, ಅದನ್ನು ಬಿಟ್ಟವನು ಋಣಮುಕ್ತನಾಗಬೇಕಲ್ಲವೆ? ಪಶ್ಚಿಮದಲ್ಲಿ ಹೆಸರನ್ನು ಕಳೆದುಕೊಂಡ ಯೇನಾದವರು ಹಾಗಾದರೆ ಪುಣ್ಯವಂತರೇ? ಹಾಗೆನ್ನಲಾಗದು. ಅವರು ಸಾಲವನ್ನು ತೀರಿಸಿ ಹೆಸರನ್ನು ಬಿಟ್ಟವರಲ್ಲ. ಪೂರ್ವದ ಸರ್ಕಾರವು ಹಿಂದಿನ ಪಾಪಗಳೆಲ್ಲವೂ ಪಶ್ಚಿಮದವರವೆಂದು ಹೇಳಿ ಕೈತೊಳೆದುಕೊಂಡಿತು. ಹೆಸರಿಗೆ ಮಾತ್ರ ಕೈಯೊಡ್ಡಿತು. ಇಬ್ಬರಲ್ಲಿ ಯಾರದೂ ಶುದ್ಧವಾದ ಪಕ್ಷವೆನ್ನಲು ಬರುವುದಿಲ್ಲ.

ಆದರೆ ಸರ್ಕಾರವೇ ಬೇರೆ, ಉಜ್ಜುವ ಮೇಜಿನ ಮುಂದೆ ಕುಳಿತವನೇ ಬೇರೆ. 1960ರ ಸುಮಾರಿನಲ್ಲಿ ಯೇನಾದಲ್ಲಿ ಬಯೋಮೆಟಾರಿನ ಗಾಜನ್ನು ಉಜ್ಜುತ್ತಿದ್ದ ತರುಣನೊಬ್ಬನನ್ನು ಭಾವಿಸಿಕೊಳ್ಳಬಹುದು. ಯುದ್ಧ ಮುಗಿದಾಗ ಅವನು ಮಗು. ಅವನ ತಂದೆಯನ್ನು ಅಮೆರಿಕದವರು ಕರೆದೊಯ್ಯಲಿಲ್ಲ, ರಷ್ಯಾದವರೂ ಬೇಕೆನ್ನಲಿಲ್ಲ. ಅವನು ಕಲಿತದ್ದು ಅಬ್ಬೆಯ ಪದ್ಧತಿಯನ್ನೇ. ಉಜ್ಜುವುದು ಅದೇ ಸೂಕ್ಷ್ಮತೆಯಿಂದ. ತಾನು ಮಾಡಿದ ಕೆಲಸದ ಮೇಲೆ ‘ಬಿ ಎಂ’ ಎಂದು ಕೆತ್ತಿ ಕಳುಹಿಸುವಾಗ ಅವನಿಗೆ ಏನನ್ನಿಸುತ್ತಿದ್ದೀತು? ವಿದ್ಯೆಯು ಇಬ್ಬರಲ್ಲಿ ಹಂಚಿದರೂ ಇಬ್ಬರಿಗೂ ಪೂರ್ತಿಯಾಗಿಯೇ ಉಳಿಯುವುದು. ಹೆಸರು ಹಾಗಲ್ಲ, ಒಬ್ಬನಿಗೆ ಕೊಡಬೇಕಾದರೆ ಇನ್ನೊಬ್ಬನಿಂದ ಅಳಿಸಬೇಕೆಂಬುದು ಸ್ವತ್ತಿನ ನಿಯಮ. ಹೆಸರನ್ನು ಸ್ವತ್ತೆಂದು ತಿಳಿದದ್ದರಿಂದಲೇ ಈ ತರುಣನಿಗೆ ಅನ್ಯಾಯವಾಯಿತು. ಅದನ್ನು ಋಣವೆಂದು ತಿಳಿದಿದ್ದರೆ, ತೀರಿಸಲು ಮುಂದೆ ಬಂದವರಲ್ಲಿ ಇಬ್ಬರಿಗೂ ಸ್ಥಳವಿರುತ್ತಿತ್ತು. ಸಾಲ ತೀರಿಸುವುದಕ್ಕೆ ಹೆಚ್ಚು ಮಂದಿ ಬಂದರೆಂದು ಯಾರೂ ದಾವೆ ಹೂಡುವುದಿಲ್ಲ.

ಜರ್ಮನಿಯ ಎರಡು ಭಾಗಗಳು 1990ರಲ್ಲಿ ಒಂದಾದವು. ಮರುವರ್ಷ ಝೈಸ್ ಎಂಬ ಹೆಸರೂ ಒಂದಾಯಿತು. ಯೇನಾದ ಸೂಕ್ಷ್ಮದರ್ಶಕಗಳ ಮೇಲೆ ಅದು ಅಡ್ಡಿಯಿಲ್ಲದೆ ಕುಳಿತಿತು. ಆದರೆ ಹೊಸ ಮಾರುಕಟ್ಟೆಯ ಲೆಕ್ಕಕ್ಕೆ ಯೇನಾದ ಕಾರ್ಖಾನೆಯಲ್ಲಿ ಜನರು ಹೆಚ್ಚಾಗಿದ್ದರು. ಸಾವಿರಾರು ಮಂದಿಯ ಕೆಲಸವು ಹೋಯಿತು. ಅವರಲ್ಲಿ ಕೆಲವರ ಅಜ್ಜಂದಿರು ಎಂಟು ಗಂಟೆಯ ದಿನವನ್ನು ಮೊದಲು ಕಂಡವರಾಗಿರಬಹುದು. ಹೆಸರನ್ನು ಇಟ್ಟುಕೊಳ್ಳಲಾಗದೆ ಮೂವತ್ತು ವರ್ಷ ದುಡಿದವರಿಗೆ, ಹೆಸರು ಮರಳಿ ಬಂದ ದಿನ ಕೆಲಸವಿಲ್ಲದೆ ಹೋದದ್ದು ಸಾಮಾನ್ಯವಾದ ವಿಧಿವಿಪರ್ಯಾಸವಲ್ಲ. ಕಾರ್ಖಾನೆಯನ್ನು ಉಳಿಸುವುದಕ್ಕೆ ಬೇರೆ ದಾರಿಯಿರಲಿಲ್ಲವೆಂದು ಅರ್ಥಶಾಸ್ತ್ರಜ್ಞರು ಹೇಳಬಹುದು. ಹೇಳಿದರೆ ಅಲ್ಲವೆಂದು ವಾದಿಸುವುದು ಕಷ್ಟ. ಆದರೂ ಕಾರಣವಿಲ್ಲದೆ ತೆಗೆದುಹಾಕಕೂಡದೆಂದು ಬರೆದಾತನ ಹೆಸರು ಅಂದು ಕಾರ್ಖಾನೆಯ ಮೇಲಿರಲಿಲ್ಲ, ಎಂದೂ ಇರಲಿಲ್ಲ. ತನ್ನ ಹೆಸರನ್ನು ಅವನೇ ಹಿಂದಕ್ಕಿಟ್ಟಿದ್ದನು. 2004ರಲ್ಲಿ ಪ್ರತಿಷ್ಠಾನದ ಕಟ್ಟಳೆಗಳೂ ಬದಲಾಗಿ, ಝೈಸ್ ಮತ್ತು ಶಾಟ್‌ಗಳು ಷೇರುಗಳುಳ್ಳ ಕಂಪೆನಿಗಳಾದವು. ಷೇರುಗಳೆಲ್ಲವೂ ಪ್ರತಿಷ್ಠಾನದ ಕೈಯಲ್ಲಿವೆ.

ಹಳೆಯ ಬಯೋಮೆಟಾರುಗಳು ಈಗಲೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಬೆಳಕಿನ ದ್ವಾರದ ಎಲೆಗಳಿಗೆ ಎಣ್ಣೆ ಹರಿದಿದ್ದರೆ ಬಿಚ್ಚಿ ಒರೆಸುವರು, ಸುತ್ತುವ ಉಂಗುರವು ಬಿಗಿಯಾಗಿದ್ದರೆ ಹಳೆಯ ಜಿಡ್ಡನ್ನು ತೆಗೆದು ಹೊಸದನ್ನು ಹಾಕುವರು. ‘ಔಸ್ ಯೇನಾ’ ಎಂದು ಕೆತ್ತಿದ ಲೆನ್ಸು ಬಂದರೆ, ಗಿರಾಕಿಯು ಅನುಮಾನಪಟ್ಟು ಇದು ಯಾರದೆಂದು ಕೇಳುವನು. ‘ಝೈಸ್‌ನದೇ’ ಎಂದು ಮಾರುವವನು ಹೇಳುವನು. ಮುಂದೆ ಬೆಲೆಯ ಮಾತು.